ಮುನಿಶಾಮಯ್ಯನವರ ಮೇಲೆ ನಾನು ಹೊರಿಸಿದ ತಪ್ಪು

ಕನಕಪುರದ ಬಸ್ ಸ್ಟ್ಯಾಂಡಿನ ಹಿಂದೆ, ಜಿಂಕ್ ಶೀಟಿನ ಅಂಗಡಿಯೊಂದರಲ್ಲಿ, ಮುನಿಶಾಮಯ್ಯ ಎಂಬುವರು ಇಂಜಿನ್ ಬೋರಿಂಗ್ ಮಾಡುತ್ತಿದ್ದರು. ಇಂಜಿನ್ನಿನೊಳಗೆ ಪಿಸ್ಟನ್ ಓಡಾಡುವ ಕೊಳವೆ ಸವೆದುಹೋದಾಗ ಅದನ್ನು ಕೂದಲೆಳೆಯಷ್ಟು ಕೊರೆದು ಮತ್ತೆ ನುಣುಪು ಮಾಡುವ ಕೆಲಸ ಅದು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಕಾಗದದಲ್ಲಿ ಬರೆದಿಡುವಂಥ ದೊಡ್ಡ ಮನುಷ್ಯರೇನೂ ಅವರಲ್ಲ. ಅವರ ಮೇಲಿನ ಗೌರವದಿಂದ ಬರೆಯುತ್ತಿದ್ದೇನೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಾಚಿಕೆಯಿಂದ ಬರೆಯುತ್ತಿದ್ದೇನೆ.

ಅವರು ಸಾತನೂರು ಕಡೆಯವರು. ಹದಿನೆಂಟನೇ ವಯಸ್ಸಿಗೆ ಕಲ್ಲು ಕ್ವಾರಿಗೆ ಸೇರಿ, ಬಂಡೆ ಕೊರೆಯುವ ಕಂಪ್ರೆಸರ್‌ಗಳ ಇಂಜಿನ್ ಬಿಚ್ಚಿ ಜೋಡಿಸುತ್ತಾ ಕೆಲಸ ಕಲಿತರು. ಕ್ವಾರಿಯ ಸದ್ದಿಗೆ ಎಡಗಿವಿ ಅರ್ಧ ಹೋಗಿತ್ತು. ಗಿರಾಕಿ ಚೌಕಾಸಿಗೆ ಇಳಿದರೆ ಆ ಎಡಗಿವಿಯನ್ನೇ ಅವನ ಕಡೆ ತಿರುಗಿಸಿ ನಿಲ್ಲುತ್ತಿದ್ದರು. ಎಣ್ಣೆ ಹತ್ತಿದ ಏಪ್ರನ್ನಿನ ಒಳಗೆ ದಿನವೂ ಇಸ್ತ್ರಿ ಮಾಡಿದ ಬಿಳಿ ಶರ್ಟು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಳತೆಯ ಸಾಧನಗಳೆಲ್ಲ ಇದ್ದರೂ ಕೊನೆಗೊಮ್ಮೆ ಹೆಬ್ಬೆರಳಿನ ಉಗುರನ್ನು ಕೊಳವೆಯೊಳಗೆ ಆಡಿಸಿ ನೋಡದೆ ಯಾವ ಕೆಲಸವನ್ನೂ ಕೈಬಿಡುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ, ಆ ಕೊಳವೆಗಳಿರುವ ಕಬ್ಬಿಣದ ಬ್ಲಾಕಿನ ಅಂಚಿಗೆ ಉಳಿಯಿಂದ ಸಣ್ಣದಾಗಿ ‘ಮು’ ಎಂದು ಕೆತ್ತುತ್ತಿದ್ದರು. ಕನಕಪುರ ತಾಲ್ಲೂಕಿನ ಅದೆಷ್ಟು ಟ್ರ್ಯಾಕ್ಟರುಗಳ ಹೊಟ್ಟೆಯೊಳಗೆ ಆ ‘ಮು’ ಇದೆಯೋ ಲೆಕ್ಕವಿಲ್ಲ.

ಇನ್ನು ನನ್ನ ಸಮಾಚಾರ. ನಾನು ಕೋಡಿಹಳ್ಳಿಯ ಬಾಲರಾಜು. ಬಿಡದಿ ಸುತ್ತ ಕಾರ್ಖಾನೆಗಳು ಎದ್ದ ಕಾಲಕ್ಕೆ ನನಗೂ ಒಂದರಲ್ಲಿ ಕೆಲಸ ಸಿಕ್ಕಿತು. ಕಂಪನಿ ಬಸ್ಸು, ನೀಲಿ ಶರ್ಟು, ಜೇಬಿನ ಮೇಲೆ ಹೆಸರು. ನಾನು ಅಲ್ಲಿ ಮಾಡುತ್ತಿದ್ದುದು ಕಾರಿನ ಬಾಗಿಲಿಗೆ ಅಂಟಿಸುವ ರಬ್ಬರ್ ಪಟ್ಟಿಯನ್ನು ಅಳತೆಗೆ ಕತ್ತರಿಸುವುದು. ಎಂಟು ಗಂಟೆ ಕತ್ತರಿಸುವುದು, ಬಸ್ಸು ಹತ್ತಿ ಮನೆಗೆ ಬರುವುದು. ಇಂಜಿನ್ನಿನ ಒಳಗನ್ನು ನಾನು ಕಣ್ಣಾರೆ ಕಂಡವನೇ ಅಲ್ಲ. ಆದರೆ ಊರಿನವರು ನನ್ನನ್ನು ‘ಕಾರು ಕಂಪನಿ ಬಾಲರಾಜು’ ಎಂದರು. ಅಲ್ಲ ಕಣ್ರಪ್ಪ, ನಾನು ರಬ್ಬರ್ ಕತ್ತರಿಸುವವನು ಎಂದು ಒಂದು ದಿನವಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮೊಪೆಡ್ ಕೆಟ್ಟರೂ ನನ್ನನ್ನು ಕೇಳುತ್ತಿದ್ದರು. ನಾನು ಬಗ್ಗಿ ನೋಡಿ, ‘ಹೂಂ, ಇದು ಒಸಿ ಕಷ್ಟ’ ಎಂದು ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

ನನ್ನ ಅಕ್ಕನ ಗಂಡ ಕೆಂಪರಾಜು ಹಳೆಯ ಡೀಸೆಲ್ ಅಂಬಾಸಿಡರ್ ಒಂದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಮದುವೆ, ಆಸ್ಪತ್ರೆ, ದೇವಸ್ಥಾನ, ಯಾವುದಕ್ಕೂ ಅದೇ ಕಾರು. ೨೦೦೪ರ ಹೊತ್ತಿಗೆ ಕನಕಪುರದ ರಸ್ತೆಗೆ ಹೊಸ ಹೊಸ ಕಾರುಗಳು ಬಂದವು. ಏರು ಸಿಕ್ಕಿದಲ್ಲಿ ಭಾವನ ಕಾರು ಹೊಗೆ ಕಾರುತ್ತಾ ತೆವಳುವಾಗ ಅವು ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದವು. ಬಾಡಿಗೆಗೆ ಕೂತ ಬೀಗರೇ ನಗುತ್ತಿದ್ದರು. ಭಾವನಿಗೆ ಅದು ತಡೆಯಲಾಗಲಿಲ್ಲ. ಬೆಂಗಳೂರಿನ ಗುಜರಿಯಿಂದ ಒಂದು ಟರ್ಬೊ ತಂದು ನನ್ನ ಮುಂದೆ ಇಟ್ಟರು. ದೊಡ್ಡ ಬಸವನ ಹುಳುವಿನಂಥ ಕಬ್ಬಿಣದ ಉಂಡೆ.

“ಇದನ್ನ ನನ್ ಕಾರ್ಗೆ ಕೂರ್ಸಿಕೊಡು ಬಾಲರಾಜು. ಇಂಜಿನ್ನೂ ಪೂರಾ ಬಿಚ್ಚಿ ಹೊಸದು ಮಾಡ್ಬುಡು. ನಿಂಗೇನು, ದಿನಾ ಮಾಡೋ ಕೆಲ್ಸ.”

“ಆಯ್ತು ಭಾವ,” ಎಂದೆ. ಎರಡೇ ಪದ.

ನಮ್ಮದು ರೇಷ್ಮೆ ಹುಳು ಸಾಕುವ ಮನೆತನ. ಆಗಷ್ಟೇ ಒಂದು ಬೆಳೆ ಮುಗಿದು ಹುಳದ ಮನೆ ಖಾಲಿ ಇತ್ತು. ಕಾರನ್ನು ಅದರ ಮುಂದೆ ನಿಲ್ಲಿಸಿ, ಕ್ವಾರಿಯಿಂದ ಭಾರ ಎತ್ತುವ ಸರಪಳಿ ರಾಟೆ ತಂದು ಹುಣಸೆ ಮರಕ್ಕೆ ಕಟ್ಟಿ ಇಂಜಿನ್ ಎತ್ತಿದೆವು. ಬಿಚ್ಚುವುದಕ್ಕೆ ಬುದ್ಧಿ ಬೇಕಾಗಿರಲಿಲ್ಲ, ಸ್ಪ್ಯಾನರ್ ಇದ್ದರೆ ಸಾಕಿತ್ತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಸುತ್ತುಗಳಲ್ಲಿ ಬೋಲ್ಟು, ವಾಲ್ವು, ಪಿಸ್ಟನ್ ಎಲ್ಲವನ್ನೂ ಸಾಲಾಗಿ ಇಟ್ಟೆ. ನೋಡಲು ಬಂದವರು ಆ ಜೋಡಣೆ ನೋಡಿಯೇ ತಲೆದೂಗಿದರು. ಬ್ಲಾಕನ್ನೂ ಕ್ರ್ಯಾಂಕನ್ನೂ ಮುನಿಶಾಮಯ್ಯನವರ ಅಂಗಡಿಗೆ ಒಯ್ದೆವು.

ಟರ್ಬೊ ಎಂದ ಕೂಡಲೇ ಅವರು ಕೈಯಲ್ಲಿದ್ದುದನ್ನು ಕೆಳಗಿಟ್ಟರು.

“ನೋಡಪ್ಪ, ಇದು ಹೊಗೆ ಜೋರಲ್ಲಿ ತಿರುಗಿ ಇಂಜಿನ್ ಒಳಕ್ಕೆ ಗಾಳಿ ತುರುಕ್ತದೆ. ಶಕ್ತಿ ಬತ್ತದೆ, ಸರಿ. ಆದ್ರೆ ಬಿಸಿನೂ ಬತ್ತದೆ, ಭಾರನೂ ಬೀಳ್ತದೆ. ಒಳಗಡೆ ಒಂದು ಗೀರು ಇರಬಾರ್ದು. ಗೊತ್ತೈತಾ ನಿಂಗೆ?”

“ಗೊತ್ತು ಬುಡಿ ಅಣ್ಣ. ನಮ್ ಕಂಪ್ನಿಲಿ ದಿನಾ ಇದೇ ಕೆಲ್ಸ,” ಎಂದೆ. ಭಾವ ಪಕ್ಕದಲ್ಲಿ ಹೆಮ್ಮೆಯಿಂದ ನಿಂತಿದ್ದರು.

ಹನ್ನೆರಡು ದಿನದ ಮೇಲೆ ಕೆಲಸ ಮುಗಿಸಿ, ಎಣ್ಣೆ ಬಳಿದು, ಎಣ್ಣೆ ಕಾಗದದಲ್ಲಿ ಸುತ್ತಿ, ಹಗ್ಗ ಕಟ್ಟಿ ಕೊಟ್ಟರು. “ಜೋಡಿಸೋ ದಿನದವರ್ಗೂ ಈ ಕಾಗದ ಬಿಚ್ಚಬೇಡ,” ಎಂದು ಎರಡು ಸಲ ಹೇಳಿದರು. ಮನೆಗೆ ತಂದ ಸಂಜೆಯೇ ಬಿಚ್ಚಿದೆ. ಕನ್ನಡಿಯಂತೆ ಹೊಳೆಯುವ ಆ ನಾಲ್ಕು ಕೊಳವೆಗಳನ್ನು ಬಂದವರಿಗೆ ತೋರಿಸದೆ ಹೇಗಿರುವುದು? ತೋರಿಸುವಾಗ ಎಣ್ಣೆ ಕೈಗೆ ಹತ್ತುತ್ತದೆ ಎಂದು ಅದನ್ನೂ ಬಟ್ಟೆಯಿಂದ ಒರೆಸಿಬಿಟ್ಟೆ. ಆ ವಾರ ಕಾರ್ಖಾನೆಯಲ್ಲಿ ಎರಡೆರಡು ಪಾಳಿ ಬಿತ್ತು. ಬ್ಲಾಕು ಹುಳದ ಮನೆಯಲ್ಲೇ ಬರಿಮೈಯಲ್ಲಿ ಕೂತಿತ್ತು.

ಬೆಳೆಯಿಂದ ಬೆಳೆಗೆ ಹುಳದ ಮನೆಯನ್ನು ಬ್ಲೀಚಿಂಗ್ ಪೌಡರಿನ ನೀರಿನಿಂದ ತೊಳೆದು, ಗೋಡೆ ಸೂರಿಗೆಲ್ಲ ಅದನ್ನೇ ಸಿಂಪಡಿಸಿ, ಬಾಗಿಲು ಕಿಟಕಿ ಭದ್ರ ಮಾಡಿ ಎರಡು ದಿನ ಬಿಡುವುದು ನಮ್ಮ ಕಡೆಯ ಪದ್ಧತಿ. ಇಲ್ಲದಿದ್ದರೆ ಹುಳಕ್ಕೆ ರೋಗ ಬರುತ್ತದೆ. ನಾನು ಹುಟ್ಟಿದಾಗಿನಿಂದ ನೋಡಿದ ಕೆಲಸ. ಹೊಸ ಬೆಳೆಗೆ ಹುಳು ಬರುವ ಹೊತ್ತಾಗಿತ್ತು. ನನ್ನ ಅವ್ವ ಚಿಕ್ಕಲಕ್ಷ್ಮಮ್ಮ ಎಂದಿನಂತೆ ಸಿಂಪಡಿಸಿ ಬಾಗಿಲು ಮುಚ್ಚಿದ್ದಳು. ಎರಡು ದಿನದ ಮೇಲೆ ನಾನು ಬಾಗಿಲು ತೆಗೆದಾಗ ಕಣ್ಣು ಉರಿಯಿತು. ಬ್ಲಾಕಿನ ಕೊಳವೆಗಳಲ್ಲಿ ಕಂದು ಬಣ್ಣದ ಚುಕ್ಕೆ ಎದ್ದಿತ್ತು. ತುಕ್ಕು.

“ಇದನ್ನ ಆಚೆಗಾದ್ರೂ ಇಡಬಾರ್ದಿತ್ತೇನವ್ವ!” ಎಂದು ಕೂಗಾಡಿದೆ.

“ಅಷ್ಟ್ ಭಾರದ್ದ ನಾನೊಬ್ಳೇ ಎತ್ತಕಾಯ್ತದೇನ್ಲಾ? ಹುಳುಗೆ ರೋಗ ಬಂದ್ರೆ ನಿನ್ ಇಂಜಿನ್ ಬಂದು ಗೂಡು ಕಟ್ತದಾ?” ಎಂದಳು. ಅವಳ ಮಾತಿನಲ್ಲಿ ಒಂದು ತಪ್ಪೂ ಇರಲಿಲ್ಲ.

ಬ್ಲಾಕನ್ನು ಮತ್ತೆ ಕನಕಪುರಕ್ಕೆ ಒಯ್ದು, ಅಣ್ಣ ಹೀಗಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಬೈಯುತ್ತಿದ್ದರು, ಸರಿ ಮಾಡುತ್ತಿದ್ದರು. ಕಾರು ಕಂಪನಿಯವನಿಗೆ ತುಕ್ಕು ಹಿಡಿಸಬಾರದೆಂದು ಗೊತ್ತಿರಲಿಲ್ಲವೇ ಎಂದು ನಾಲ್ಕು ಜನ ನಗುತ್ತಾರಲ್ಲ, ಆ ನಗುವಿಗೆ ಹೆದರಿದೆ. ಅಂಗಡಿಯಿಂದ ಎಮರಿ ಕಾಗದ ತಂದು ನಾಲ್ಕೂ ಕೊಳವೆಗಳನ್ನು ಗಸಗಸ ಉಜ್ಜಿದೆ. ಚುಕ್ಕೆ ಹೋಯಿತು. ಮತ್ತೆ ಹೊಳೆಯಿತು. ಗೀರು ಬಿದ್ದದ್ದೂ ಕಂಡಿತು, ಕಾಣದವನಂತೆ ಇದ್ದೆ. ಭಾನುವಾರ ಬಂದ ಭಾವ ಹೊಳಪು ನೋಡಿ ನನ್ನ ಬೆನ್ನು ತಟ್ಟಿದರು.

ಹೇಗೋ ಜೋಡಿಸಿದೆ. ಟರ್ಬೊ ಕೂರಿಸಲು ಪಕ್ಕದೂರಿನ ವೆಲ್ಡಿಂಗಿನವನು ನೆರವಾದ. ಇಂಜಿನ್ ಶುರುವಾದಾಗ ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ನಾನೇ. ಪೂಜೆ ಮಾಡಿಸಲು ಕೆಂಗಲ್ ಆಂಜನೇಯನ ಗುಡಿಗೆ ಹೊರಟೆವು. ಭಾವ, ಅಕ್ಕ, ಅವ್ವ, ನಾನು. ಹೋಗುವಾಗ ಭಾವ ಮೆಲ್ಲಗೆ ಓಡಿಸಿದರು. ನಿಂಬೆಹಣ್ಣು ತುಳಿಸಿ, ಕುಂಕುಮ ಇಡಿಸಿ ವಾಪಸು ಹೊರಟ ಮೇಲೆ, ಮೈಸೂರು ರಸ್ತೆಯಲ್ಲಿ ಒಂದು ಹೊಸ ಕಾರು ನಮ್ಮನ್ನು ದಾಟಿತು. ಭಾವ ಪೆಡಲ್ ಒತ್ತಿದರು. ಟರ್ಬೊ ಸುಯ್ ಎಂದು ಶಿಳ್ಳೆ ಹಾಕಿತು. ಆ ಮುದಿ ಅಂಬಾಸಿಡರ್ ನಮ್ಮನ್ನು ಸೀಟಿಗೆ ಒತ್ತಿಕೊಂಡು ನುಗ್ಗಿ ಆ ಕಾರನ್ನು ಹಿಂದೆ ಹಾಕಿತು. “ನೋಡ್ದೇನೇ ನಿನ್ ತಮ್ಮನ್ ಕೈಚಳಕ!” ಎಂದು ಭಾವ ಅಕ್ಕನಿಗೆ ಕೂಗಿ ಹೇಳಿದರು. ಅಕ್ಕ ಚಪ್ಪಾಳೆ ತಟ್ಟಿದಳು. ನನ್ನ ಜೀವನದಲ್ಲಿ ಅಷ್ಟು ಸುಖದ ಐದು ನಿಮಿಷ ಬಂದಿಲ್ಲ.

ರಾಮನಗರ ಇನ್ನೂ ಒಂದು ಮೈಲಿ ಇರುವಾಗ ಇಂಜಿನ್ ಕಿರ್ರ್ ಎಂದು ಕಿರುಚಿ ಹಿಡಿದುಕೊಂಡಿತು. ಕಾರು ಅಡ್ಡಾದಿಡ್ಡಿ ಎಳೆದು ರಸ್ತೆ ಪಕ್ಕ ನಿಂತಿತು. ಅವ್ವನ ಹಣೆ ಮುಂದಿನ ಸೀಟಿಗೆ ಬಡಿದು ಊದಿಕೊಂಡಿತು. ಭಾವ ಬಾನೆಟ್ ಎತ್ತಿ, ಹೊಗೆಯ ನಡುವೆ ನನ್ನ ಮುಖ ನೋಡಿದರು. “ಏನಾಯ್ತ್ಲಾ?”

“ಬೋರಿಂಗ್ ಸರಿ ಮಾಡಿಲ್ಲ ಭಾವ. ಮುನಿಶಾಮಯ್ಯ ಅಳತೆ ತಪ್ಪವ್ನೆ.” ಯೋಚಿಸಿ ಹೇಳಿದ್ದಲ್ಲ. ಬಾಯಲ್ಲಿ ಸಿದ್ಧವಾಗಿಯೇ ಇತ್ತು. ‘ಅವ್ನೆ’ ಎಂದೂ ಅಂದೆ, ಅಪ್ಪನ ವಯಸ್ಸಿನವರನ್ನು.

ಎರಡು ದಿನ ಬಿಟ್ಟು ಬ್ಲಾಕು ಹೊತ್ತುಕೊಂಡು ಅಂಗಡಿಗೆ ಹೋದೆವು. ಅಂದು ಸಂತೆ, ಬೀದಿ ತುಂಬ ಜನ. ಭಾವ ಹೊರಗೆ ನಿಂತೇ ಶುರು ಮಾಡಿದರು. ಕಣ್ಣು ಕಾಣದ ಮುದುಕ, ಕಳ್ಳ, ನಮ್ಮ ಮನೆಮಂದಿಯನ್ನೇ ಸಾಯಿಸುತ್ತಿದ್ದೆಯಲ್ಲೋ ಎಂದರು. ಇಲ್ಲಿ ಬರೆಯಲಾಗದ ಮಾತುಗಳನ್ನೂ ಅಂದರು. ಮುನಿಶಾಮಯ್ಯ ಬ್ಲಾಕಿನೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. ಎರಡು ಕೊಳವೆ ಸುಟ್ಟು ಹಾಳಾಗಿದ್ದವು. ಉಳಿದೆರಡರಲ್ಲಿ ಹೆಬ್ಬೆರಳಿನ ಉಗುರು ಆಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಎಣ್ಣೆ ನಿಲ್ಲಲಿ ಅಂತ ನಾನ್ ಎಳೆಯೋ ಸಣ್ ಗೆರೆ ಜಾಳಿಗೆ ಹೆಣೆದಂಗೆ ಇರ್ತದೆ. ಈ ಗೀರು ಅಡ್ಡಡ್ಡ ಐತೆ. ಇದ್ಕೆ ಎಮರಿ ಹಾಕಿದ್ದು ಯಾರಪ್ಪ?”

ಬೀದಿಯೆಲ್ಲ ಕೇಳಿಸಿಕೊಳ್ಳುತ್ತಿತ್ತು. ನಾನು ನೀಲಿ ಶರ್ಟು ಹಾಕಿಕೊಂಡೇ ಹೋಗಿದ್ದೆ. “ಯಾರೂ ಹಾಕಿಲ್ಲ,” ಎಂದೆ.

ಅವರು ಕೇಳಿಸುವ ಬಲಗಿವಿಯನ್ನು ನನ್ನ ಕಡೆ ಹಿಡಿದರು, ನನ್ನ ಉತ್ತರವನ್ನು ಇನ್ನೊಂದು ಸಲ ಕೇಳಲು ಕಾದಂತೆ. ನಾನು ಬೀದಿಯ ಕಡೆ ಮುಖ ತಿರುಗಿಸಿದೆ. ಅವರು ಉಳಿ ಸುತ್ತಿಗೆ ತಗೊಂಡು ಬ್ಲಾಕಿನ ಅಂಚಿನ ‘ಮು’ ಅಕ್ಷರವನ್ನು ನಾಲ್ಕು ಏಟಿಗೆ ಜಜ್ಜಿ ಅಳಿಸಿದರು. “ನನ್ ಕೈಯಿಂದ ಹೋದದ್ದು ಓಡ್ಬೇಕು. ಕಾಸು ಬ್ಯಾಡ, ಬುಟ್ಟು ಹೋಗಿ. ಈ ಸಲ ಜೋಡ್ಸದೂ ನಾನೇ. ಇವ್ನು ಮುಟ್ಟಂಗಿಲ್ಲ,” ಎಂದರು.

ಮೂರು ವಾರಕ್ಕೆ ಕಾರು ಸಿದ್ಧವಾಯಿತು, ಟರ್ಬೊ ಸಮೇತ. ಆದರೆ ಸಂತೆಯ ಜನ ಅರ್ಥ ಮಾಡಿಕೊಂಡದ್ದು ಬೇರೆ. ತಪ್ಪಿಲ್ಲದಿದ್ದರೆ ಯಾರಾದರೂ ಬಿಟ್ಟಿ ಮಾಡಿಕೊಡುತ್ತಾರೆಯೇ ಎಂದರು. ಮುದುಕನ ಕೈ ನಡುಗುತ್ತದಂತೆ, ಕಣ್ಣಿಗೆ ಪೊರೆಯಂತೆ ಎಂದರು. ಮೊದಲು ಕ್ವಾರಿಯವರು ಬರುವುದು ನಿಲ್ಲಿಸಿದರು, ಆಮೇಲೆ ಟ್ರ್ಯಾಕ್ಟರಿನವರು. ಅದೇ ಹೊತ್ತಿಗೆ ರಾಮನಗರದಲ್ಲಿ ಕಂಪ್ಯೂಟರ್ ಮೆಷಿನ್ನಿನ ಬೋರಿಂಗ್ ಅಂಗಡಿಯೂ ಬಂತು. ಅದರಿಂದಲೇ ಅವರ ವ್ಯಾಪಾರ ಹೋದದ್ದು ಎಂದು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಹೇಳಿಕೊಂಡಾಗಲೆಲ್ಲ ಊಟ ರುಚಿಸುತ್ತಿರಲಿಲ್ಲ. ಎರಡು ವರ್ಷಕ್ಕೆ ಅಂಗಡಿ ಮುಚ್ಚಿತು. ಬಸ್ ಸ್ಟ್ಯಾಂಡಿಗೆ ಹೋದರೆ ಆ ಬೀದಿ ಬಿಟ್ಟು ಸುತ್ತಿಕೊಂಡು ಹೋಗುವುದು ನನಗೆ ಅಭ್ಯಾಸವಾಯಿತು.

೨೦೦೯ರ ಬೇಸಿಗೆಯಲ್ಲಿ ನಮ್ಮ ಕಾರ್ಖಾನೆಯ ಗೇಟಿಗೆ ಹೊಸ ಸೆಕ್ಯುರಿಟಿಯವರು ಬಂದರು. ಬೆಳಗಿನ ಪಾಳಿಯ ಸಾಲಿನಲ್ಲಿ ನಿಂತು ಮುಂದೆ ಮುಂದೆ ಸರಿದು ನೋಡಿದರೆ, ಖಾಕಿ ಶರ್ಟು ಹಾಕಿ ನಿಂತವರು ಮುನಿಶಾಮಯ್ಯ. ಆ ಶರ್ಟಿಗೂ ಇಸ್ತ್ರಿ ಇತ್ತು. ಒಬ್ಬೊಬ್ಬರ ಮೈ ತಡವಿ, ಊಟದ ಡಬ್ಬಿ ತೆರೆಸಿ ಒಳಗೆ ಬಿಡುವ ಕೆಲಸ. ನಾನು ಕೈ ಎತ್ತಿ ನಿಂತೆ. ಅವರು ಜೇಬಿನ ಮೇಲಿನ ನನ್ನ ಹೆಸರು ಓದಿದರು, ಡಬ್ಬಿ ನೋಡಿದರು, “ಹೋಗಪ್ಪ” ಎಂದರು. ದಿನವೂ ಇದೇ. ಇಪ್ಪತ್ತು ದಿನ ಸಹಿಸಿದೆ. ಸಾಲಿನ ಕೊನೆಯವನಾಗಿ ನಿಂತ ಒಂದು ಬೆಳಿಗ್ಗೆ ಬಾಯಿಬಿಟ್ಟೆ.

“ಅಣ್ಣ, ಅವತ್ತು ಎಮರಿ ಹಾಕಿದ್ದು ನಾನೇ.”

“ಅದನ್ನ ನಂಗ್ಯಾಕೆ ಹೇಳ್ತೀಯ? ನಂಗೆ ಅವತ್ತೇ ಗೊತ್ತಿತ್ತಲ್ಲ,” ಎಂದರು. “ಗೊತ್ತಿಲ್ದೋರಿಗೆ ಹೋಗಿ ಹೇಳು.”

ಆ ಭಾನುವಾರ ಭಾವನ ಮನೆಗೆ ಹೋಗಿ, ಅಕ್ಕನ ಮುಂದೆಯೇ ಎಲ್ಲ ಹೇಳಿದೆ. ಕಾಗದ ಬಿಚ್ಚಿದ್ದು, ತುಕ್ಕು, ಎಮರಿ, ರಬ್ಬರ್ ಪಟ್ಟಿ, ಮುನಿಶಾಮಯ್ಯನವರು ಈಗ ನಮ್ಮ ಗೇಟಿನಲ್ಲಿರುವುದು, ಎಲ್ಲ. ಹಳೆಯ ಸಂಗತಿ ಬುಡು ಎನ್ನುತ್ತಾರೆ ಎಂದು ಒಳಗೊಳಗೇ ಆಸೆಯಿತ್ತು. ಭಾವ ಹೊಡೆಯಲಿಲ್ಲ, ಕೂಗಲಿಲ್ಲ.

“ಆ ವಯ್ಸಾದೋರ್ ಮುಂದೆ ನನ್ ಬಾಯಲ್ಲಿ ಏನೇನ್ ಆಡ್ಸಿಬುಟ್ಟೆ ಕಣ್ಲಾ,” ಎಂದರು. ಕಣ್ಣಲ್ಲಿ ನೀರಿತ್ತು. ಅಕ್ಕ ನನಗೆಂದು ತಂದ ಕಾಫಿ ಲೋಟವನ್ನು ಒಳಗೆ ಒಯ್ದಳು.

ಮಾರನೆಯ ಬೆಳಿಗ್ಗೆ ಗೇಟಿನ ಮುಂದೆ ಶಿಳ್ಳೆ ಹಾಕುತ್ತಾ ಆ ಅಂಬಾಸಿಡರ್ ಬಂದು ನಿಂತಿತು. ನನ್ನ ಹಿಂದೆ ಸಾಲಿನಲ್ಲಿ ಮೂವತ್ತು ಜನ ಇದ್ದರೇನೋ. ಭಾವ ಇಂಜಿನ್ ನಿಲ್ಲಿಸದೆಯೇ ಇಳಿದು ನೇರ ಬಂದು ಮುನಿಶಾಮಯ್ಯನವರ ಕಾಲು ಮುಟ್ಟಿದರು. ಎದ್ದು, ಎಲ್ಲರಿಗೂ ಕೇಳಿಸುವಂತೆ, ಸಂತೆ ಬೀದಿಯಲ್ಲಿ ಕೂಗಿದಷ್ಟೇ ಜೋರಾಗಿ ಹೇಳಿದರು. “ಅಣ್ಣ, ನಿಮ್ ಕೆಲ್ಸದಲ್ಲಿ ತಪ್ಪಿರಲಿಲ್ಲ. ಕೆಡ್ಸಿದ್ದು ನನ್ ಹೆಂಡ್ತಿ ತಮ್ಮ, ಇವ್ನು. ಸುಳ್ಳು ಹೇಳ್ದೋನೂ ಇವ್ನೇ. ಬೈದ ತಪ್ಪು ನಂದು.”

ಬೆರಳು ನನ್ನ ಕಡೆಗಿತ್ತು. ಮುನಿಶಾಮಯ್ಯ ತಲೆ ವಾರೆ ಮಾಡಿ ಕಾರಿನ ಸದ್ದು ಕೇಳುತ್ತಿದ್ದರು.

“ಎಣ್ಣೆ ಬದಲಾಯ್ಸಿ ಎಷ್ಟ್ ದಿನ ಆಯ್ತು?”

“ಮೂರ್ ತಿಂಗ್ಳು ಅಣ್ಣ.”

“ಈ ವಾರ ಬದಲಾಯ್ಸು,” ಎಂದು ಭಾವನ ಭುಜದ ಮೇಲೆ ಕೈಯಿಟ್ಟು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಮುಂದಕ್ ಬಾರಪ್ಪ, ಹಿಂದೆ ಜನ ಕಾಯ್ತಾವ್ರೆ,” ಎಂದರು. ನಾನು ಕೈ ಎತ್ತಿದೆ. ಅವರು ನನ್ನ ಜೇಬು ತಡವಿ, ಡಬ್ಬಿ ತೆರೆದು ನೋಡಿ, ಮುಚ್ಚಿ ಕೊಟ್ಟರು.