ಕಟ್ಟಾಯದ ಹವಳ

ಜೇನುಮೇಣದ ವಾಸನೆ ಎಲ್ಲಿಂದಾದರೂ ತೇಲಿ ಬಂದರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮೊನ್ನೆ ಹಾಸನದ ಅಂಗಡಿಯೊಂದರಲ್ಲಿ ಹಾಗೇ ಆಯಿತು. ಗಾಜಿನ ಪೆಟ್ಟಿಗೆಯೊಳಗೆ ಹಳೇ ಕಾಲದವುಗಳಂತೆ ಕಾಣುವ ಹೊಸ ಒಡವೆಗಳನ್ನು ಸಾಲಾಗಿ ಮಲಗಿಸಿದ್ದರು. "ಆಂಟಿಕ್ ಸೆಟ್ ಮೇಡಂ, ಫುಲ್ ಹ್ಯಾಂಡ್‌ಮೇಡ್" ಎಂದು ಅಂಗಡಿಯ ಹುಡುಗಿ ಒಂದು ಸರವನ್ನು ಕೈಗಿತ್ತಳು. ದಾರಕ್ಕೆ ಮೇಣ ಹಚ್ಚಿದ್ದರು, ಅಷ್ಟರ ಮಟ್ಟಿಗೆ ಭೇಷ್ ಅನ್ನಬೇಕು. ಮಣಿಮಣಿಯ ನಡುವೆ ಗಂಟಿದೆಯೇ ಎಂದು ಉಗುರಿನಿಂದ ತಡವಿ ನೋಡಿದೆ. ಇರಲಿಲ್ಲ. ದಾರ ಹರಿದ ದಿನ ಅಷ್ಟೂ ಮಣಿ ನೆಲದ ಪಾಲು. ಸರವನ್ನು ಹಿಂದಕ್ಕೆ ಕೊಟ್ಟು, ಮೂಗು ಮೇಲೆತ್ತಿಕೊಂಡೇ ಹೊರಗೆ ಬಂದೆ. ನನ್ನಲ್ಲಿ ಜಂಬಪಡುವಂಥದು ಹೆಚ್ಚೇನಿಲ್ಲ. ಇದೊಂದು ಜಂಬವಿದೆ, ಅದೂ ನನ್ನ ಸ್ವಂತದ್ದಲ್ಲ. ನಮ್ಮ ಲಲಿತತ್ತೆಯಿಂದ ಬಂದದ್ದು.

ಲಲಿತತ್ತೆ ಅಪ್ಪನ ಅಕ್ಕ. ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಹೊಳೆನರಸೀಪುರದ ಕೋಟೆಯೊಳಗಿನ ನಮ್ಮ ಮನೆಯ ನಡುಮನೆಯಲ್ಲಿ, ಕಿಟಕಿಯ ಬೆಳಕು ಬೀಳುವ ಒಂದೇ ಒಂದು ಜಾಗವನ್ನು ತನ್ನದಾಗಿಸಿಕೊಂಡು ಕೂತುಬಿಟ್ಟಳು. ಮುಂದೆ ಒಂದು ಮಣೆ, ಮಣೆಯ ಮೇಲೆ ಮಡಿಸಿದ ಬಿಳೀ ಪಂಚೆಯ ತುಂಡು, ಪಕ್ಕದಲ್ಲಿ ರೇಷ್ಮೆ ದಾರದ ಉಂಡೆ, ಮೇಣದ ಗಟ್ಟಿ, ಮತ್ತೆ ಆ ಬಿಸ್ಕತ್ತಿನ ಡಬ್ಬಿ. ನಿಮ್ಮ ಮನೆಯಲ್ಲೂ ಅಂಥದೊಂದು ಡಬ್ಬಿ ಇದ್ದಿರಬಹುದು. ನಮ್ಮದರಲ್ಲಿ ಒಂಟಿಯಾಗಿ ಉಳಿದ ಬುಗುಡಿ, ಕಲ್ಲು ಉದುರಿದ ಜಡೆಬಿಲ್ಲೆ, ಕೊಂಡಿ ಮುರಿದ ಡಾಬಿನ ತುಂಡು, ಹಸಿರು ಗಾಜಿನ ಮಣಿ, ಯಾರದೋ ಕಾಲದ ಬೆಳ್ಳಿ ಗುಂಡಿ ಎಲ್ಲವೂ ಇದ್ದವು. ಅರಕಲಗೂಡಿನ ಹಳೇ ಪಾತ್ರೆಯ ಅಂಗಡಿ, ಚನ್ನರಾಯಪಟ್ಟಣದ ಸಂತೆ, ಹಾಸನದ ಗಲ್ಲಿ, ಹೋದಲ್ಲೆಲ್ಲ ಅತ್ತೆ ಇಂಥದ್ದನ್ನೇ ಕೆದಕಿ ತರುತ್ತಿದ್ದಳು. ತೊಂಬತ್ತರ ದಶಕದ ಆ ದಿನಗಳಲ್ಲಿ ಎಲ್ಲರೂ ಅಜ್ಜಿಯರ ಒಡವೆ ಕರಗಿಸಿ ಹೊಸ ಡಿಸೈನು ಮಾಡಿಸುತ್ತಿದ್ದರೆ, ಅತ್ತೆ ಕರಗಿಸದೆ ಉಳಿದದ್ದನ್ನು ಜೋಡಿಸುತ್ತಿದ್ದಳು. ಜಡೆಬಿಲ್ಲೆ ಪದಕವಾಗುತ್ತಿತ್ತು, ಒಂಟಿ ಬುಗುಡಿ ಸರದ ನಡುವೆ ಹೂವಾಗಿ ಕೂರುತ್ತಿತ್ತು. ಯಾರು ಏನು ತಂದರೂ ಅವಳ ಮೊದಲ ಪ್ರಶ್ನೆ, "ಇದು ಯಾರದ್ದು?" ಹೆಸರು ಹೇಳದಿದ್ದರೆ ಕೈಗೇ ತೆಗೆದುಕೊಳ್ಳುತ್ತಿರಲಿಲ್ಲ. ಹಳೆಯದಕ್ಕೆ ಹಳೆಯದೇ ಜೊತೆ, ಪ್ರತಿ ಮಣಿಗೂ ಒಂದು ಗಂಟು, ಕೆಲಸಕ್ಕೆ ಕೂತಾಗ ಬೆನ್ನು ನೆಟ್ಟಗೆ. ಈ ಮೂರನ್ನು ಮೀರಿದರೆ ನನ್ನನ್ನು ಮಣೆಯ ಹತ್ತಿರ ಸೇರಿಸುತ್ತಿರಲಿಲ್ಲ.

ಕರಿಮಣಿ ಮಾತ್ರ ಅವಳು ಪೋಣಿಸುತ್ತಿರಲಿಲ್ಲ. ಗಂಡನಿಲ್ಲದವಳ ಕೈಯಲ್ಲಿ ಮಾಂಗಲ್ಯದ ಸರವೇ ಎಂದು ಯಾರಾದರೂ ಮುಜುಗರಪಡುವ ಮೊದಲೇ, "ಅದೊಂದು ಅಂಗಡೀಲೇ ಮಾಡಿಸ್ಕೊಂಡ್ಬಿಡಮ್ಮ" ಎಂದು ತಾನೇ ನಗುತ್ತ ಹೇಳಿಬಿಡುತ್ತಿದ್ದಳು. ಉಳಿದ ಒಡವೆಗೆ ಜನ ಬರುತ್ತಿದ್ದರು, ಕೈ ಅಷ್ಟು ಚೆನ್ನಾಗಿತ್ತು ಎಂಬ ಒಂದೇ ಕಾರಣಕ್ಕೆ. ಬೆನ್ನ ಹಿಂದೆ ಆಡಿಕೊಳ್ಳುವವರೂ ಇದ್ದರು. ಆ ಕೈಯಿಂದ ಒಂದೇ ಒಂದು ಸರ ಕೆಟ್ಟಿದ್ದರೆ ಸಾಕು, ಕೆಲಸ ಕೆಟ್ಟಿತು ಎನ್ನುತ್ತಿರಲಿಲ್ಲ, ಕೈಯೇ ಕೆಟ್ಟದ್ದು ಎನ್ನುತ್ತಿದ್ದರು. ಹನ್ನೊಂದು ವರ್ಷದ ನನಗೂ ಇದು ಗೊತ್ತಿತ್ತು.

ಆ ಬೇಸಿಗೆಯಲ್ಲಿ ಹಾಸನದ ಆಚೆಯ ಕಟ್ಟಾಯ ಎಂಬ ಹಳ್ಳಿಯಿಂದ ನಿಂಗಮ್ಮ ಬಂದರು. ದೊಡ್ಡ ಬೇಸಾಯದ ಮನೆಯ ಯಜಮಾನಿ, ಅಗಲವಾದ ಕುಂಕುಮ, ಬಾಗಿಲಿನಿಂದಲೇ ಕೇಳುವ ದನಿ. ಮೊಮ್ಮಗಳ ಮದುವೆಗೆ ಇನ್ನು ಹದಿನೈದು ದಿನವಿತ್ತು. ಸೆರಗಿನ ಗಂಟು ಬಿಚ್ಚಿ, ದಾರ ಜೀರ್ಣವಾದ ಒಂದು ಸರವನ್ನು ಮಣೆಯ ಮೇಲೆ ಸುರಿದರು. ಒಂದು ಚಿನ್ನದ ಗುಂಡು, ಒಂದು ಹವಳ, ಮತ್ತೆ ಗುಂಡು, ಮತ್ತೆ ಹವಳ. "ನಮ್ಮವ್ವುಂದು ಕಣ್ರವ್ವ. ಅಂಗ್ಡಿಯೋನು ಕರಗ್ಸಿ ಒಸ್ದು ಮಾಡುಸ್ಕೊಳಿ ಅಂತಾನೆ. ನಂಗೆ ಇದೇ ಬೇಕು. ಮಗ ಇದ್ನೇ ಆಕ್ಕೊಂಡು ಧಾರೆಗ್ ಕೂರ್ಬೇಕು" ಎಂದರು. ಮೊಮ್ಮಗಳನ್ನೂ ಮಗ ಎಂದೇ ಕರೆಯುವ ಹೆಂಗಸು. ಅತ್ತೆ ಒಂದು ಹವಳವನ್ನು ಬೆಳಕಿಗೆ ಹಿಡಿದು ನೋಡಿದಳು. ಎಪ್ಪತ್ತು ಎಂಬತ್ತು ವರ್ಷದ ಬೆವರು, ಎಣ್ಣೆ ಸೇರಿ ಮಂಕಾಗಿತ್ತು, ಆದರೂ ಒಳಗೆ ಕೆಂಪು ಜೀವಂತವಾಗಿತ್ತು.

ಮರುದಿನ ಸರಿಯಾದ ರೇಷ್ಮೆ ದಾರ ಹುಡುಕಿಕೊಂಡು ಅತ್ತೆ ಬೆಳಗಿನ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಹೋದಳು. ಚಿನ್ನದ ಗುಂಡುಗಳನ್ನು ಹಿಂದಿನ ಸಂಜೆಯೇ ಅಂಟುವಾಳದ ನೊರೆಯಲ್ಲಿ ತೊಳೆದಿಟ್ಟಿದ್ದಳು. ಹವಳಗಳು ಇನ್ನೂ ಮಂಕಾಗಿಯೇ ಬಟ್ಟಲಲ್ಲಿದ್ದವು. ಅತ್ತೆ ಬರುವಷ್ಟರಲ್ಲಿ ಅವನ್ನು ಥಳಥಳ ಮಾಡಿಟ್ಟು ಶಭಾಷ್ ಅನ್ನಿಸಿಕೊಳ್ಳಬೇಕೆಂದು ನನಗೆ ಆಸೆಯಾಯಿತು. ನಮ್ಮಂಥ ಮನೆಯಲ್ಲಿ ಬೆಳೆದ ಹುಡುಗಿಗೆ ಹೊಳಪು ಬರಿಸುವ ಉಪಾಯ ಗೊತ್ತಿದ್ದದ್ದು ಒಂದೇ. ಪ್ರತಿ ಶುಕ್ರವಾರ ದೇವರ ದೀಪ, ಪಂಚಪಾತ್ರೆಗಳನ್ನು ಹುಣಸೆಹಣ್ಣಿನಲ್ಲಿ ಬೆಳಗುತ್ತಿದ್ದವಳು ನಾನೇ. ದೇವರ ಹಿತ್ತಾಳೆಗೆ ಒಗ್ಗಿದ್ದು ಹವಳಕ್ಕೆ ಒಗ್ಗದೇ? ಗಟ್ಟಿಯಾಗಿ ಹುಳಿ ಕಿವುಚಿ, ಹದಿನಾಲ್ಕು ಹವಳ ಎಣಿಸಿ ಹಾಕಿದೆ. ಉಳಿದವನ್ನು ಎರಡನೇ ಸಲಕ್ಕೆಂದು ಇಟ್ಟುಕೊಂಡದ್ದು ದೇವರ ದಯೆ. ಸಂಜೆ ತೆಗೆದು ನೋಡಿದರೆ ಕೆಂಪು ಹೋಗಿ, ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿದ್ದವು.

ಬಸ್ಸಿಳಿದು ಬಂದ ಅತ್ತೆ ಬಟ್ಟಲನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ಹೊಡೆಯಲಿಲ್ಲ, ಬೈಯಲಿಲ್ಲ. ಒಂದೊಂದನ್ನೇ ತಿಳಿನೀರಿನಲ್ಲಿ ತೊಳೆದು, ಒರೆಸಿ, ಅರಳೆಗೆ ಕೊಬ್ಬರಿ ಎಣ್ಣೆ ಮುಟ್ಟಿಸಿ ಉಜ್ಜಿದಳು. ಬಣ್ಣ ಕ್ಷಣಹೊತ್ತು ಬಂದಂತೆ ಮಾಡಿ ಮತ್ತೆ ಹೋಯಿತು. "ಚಿನ್ನ ಬೆಂಕಿಗೂ ಹೆದರಲ್ಲ ಕಣೇ. ಹವಳ ಹುಳಿಗೂ ಹೆದರತ್ತೆ. ಇಷ್ಟು ನಿಂಗೆ ನಾನು ಹೇಳಿಕೊಟ್ಟಿರಲಿಲ್ಲ" ಎಂದಳು. ಆಮೇಲೆ ಒಳಗೆ ಹೋಗಿ ತನ್ನ ಪೆಟ್ಟಿಗೆಯನ್ನು ಎಳೆದ ಸದ್ದು ಕೇಳಿತು.

ಮಾರನೆಯ ದಿನ ಸರದ ಮಣಿ, ದಾರ, ಮೇಣ ಎಲ್ಲ ಕಟ್ಟಿಕೊಂಡು, ಹಾಸನದಲ್ಲಿ ಬಸ್ಸು ಬದಲಿಸಿ ನಾವಿಬ್ಬರೂ ಕಟ್ಟಾಯಕ್ಕೆ ಹೋದೆವು. ದಾರಿಯುದ್ದಕ್ಕೂ ಅತ್ತೆ ಹೇಳಿದ್ದು ಒಂದೇ ಮಾತು, "ಅಲ್ಲಿ ನೀನು ಬಾಯಿ ಬಿಡಕೂಡದು." ನಿಂಗಮ್ಮನವರ ಪಡಸಾಲೆಯಲ್ಲಿ ಮದುವೆಯ ಅಕ್ಕಿ ಹಸನು ಮಾಡುತ್ತ ಹತ್ತಾರು ಹೆಂಗಸರು ಕೂತಿದ್ದರು. ಅವರೆಲ್ಲರ ಎದುರಿಗೇ ಅತ್ತೆ ಆ ಹದಿನಾಲ್ಕನ್ನೂ ಬಿಡಿಸಿ ತೋರಿಸಿದಳು. "ನನ್ನ ಕೈಯಲ್ಲಿ ಕೆಟ್ಟೋದ್ವು ನಿಂಗಮ್ಮ. ಹುಳಿಗೆ ಹಾಕ್ಬಿಟ್ಟೆ. ತಪ್ಪು ನಂದೇ." ನಾನು ತಲೆ ಎತ್ತಲಿಲ್ಲ. ಮೊರ ಆಡಿಸುತ್ತಿದ್ದ ಕೈಗಳೆಲ್ಲ ನಿಂತವು. ನಿಂಗಮ್ಮನವರ ನಾದಿನಿ ಬಾಗಿಲ ಹತ್ತಿರದಿಂದ, ಕೇಳಿಸಲೆಂದೇ, "ಅದ್ಕೇ ಏಳಿದ್ದು ನಾನು, ಮದ್ವೆ ಒಡ್ವೆಯ ಅಂಥೋರ್ ಕೈಗೆ ಕೊಡ್ಬ್ಯಾಡಿ ಅಂತ" ಎಂದಳು. ಅತ್ತೆ ಸೆರಗಿನಿಂದ ಇನ್ನೊಂದು ಗಂಟು ತೆಗೆದಳು. ಅದರಲ್ಲೂ ಹವಳವಿತ್ತು, ಅದೇ ಗಾತ್ರ, ಅದೇ ಹಳೆಯ ಕೆಂಪು. "ಹೊಸದು ತಂದು ಸೇರಿಸಿ ಮೋಸ ಮಾಡಲ್ಲ. ಇವು ನನ್ನ ಮದುವೇವು. ಅವರು ಹೋದಮೇಲೆ ಮುಟ್ಟಿಲ್ಲ. ಯಾರದ್ದು ಅಂತ ಮುಚ್ಚಿಟ್ಟು ಪೋಣಿಸೋದು ನಂಗೆ ಬರಲ್ಲ. ಬೇಡ ಅನ್ನಿಸಿದ್ರೆ ಬೇಡ ಅನ್ನಿ, ಬೇಜಾರಿಲ್ಲ."

ನಿಂಗಮ್ಮ ಹವಳಗಳನ್ನು ಅಂಗೈಯಲ್ಲಿ ಹೊರಳಿಸಿದರು. ಅವರು ಬೇಡ ಎಂದಿದ್ದರೆ ಹೊಳೆನರಸೀಪುರದಿಂದ ಹಾಸನದವರೆಗೆ ಇನ್ನಾರೂ ಅತ್ತೆಯ ಮಣೆಯ ಮುಂದೆ ಗಂಟು ಬಿಚ್ಚುತ್ತಿರಲಿಲ್ಲ. ಕೊನೆಗೆ ನಾದಿನಿಯ ಕಡೆ ತಿರುಗಿ, "ಹವಳಕ್ಕೇನ್ ಗಂಡ ಸತ್ತದಾ? ಓಗು, ಒಳಗಿಂದ ಮಜ್ಜಿಗೆ ತಗೊಂಬಾ" ಎಂದರು. ಅತ್ತೆಗೆ ಹೇಳಿದ್ದು ಎರಡೇ ಮಾತು, "ಇಲ್ಲೇ ಪೋಣ್ಸ್ರವ್ವ."

ಅಲ್ಲೇ, ಆ ಹತ್ತಾರು ಜೊತೆ ಕಣ್ಣುಗಳ ಮುಂದೆ, ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತಳು. ದಾರಕ್ಕೆ ಮೇಣ ಎಳೆದು ಒಂದು ಗುಂಡು, ಒಂದು ಗಂಟು, ಒಂದು ಹವಳ, ಒಂದು ಗಂಟು ಹಾಕುತ್ತ ಹೋದಳು. ಬಿಸಿಲು ಪಡಸಾಲೆ ದಾಟುವ ಹೊತ್ತಿಗೆ ಸರ ಮುಗಿಯಿತು. ಯಾವುದು ನಿಂಗಮ್ಮನ ತಾಯಿಯ ಹವಳ, ಯಾವುದು ಅತ್ತೆಯದು ಎಂದು ಹತ್ತಿರ ಕೂತಿದ್ದ ನನಗೂ ಗುರುತು ಹತ್ತಲಿಲ್ಲ. ಮೊದಲು ಎದ್ದು ಬಂದು ಸರವನ್ನು ಮುಟ್ಟಿ ನೋಡಿದವಳು ಆ ನಾದಿನಿಯೇ. ಮದುವೆಗೆ ಅತ್ತೆ ಹೋಗಲಿಲ್ಲ, ಕರೆದಲ್ಲಿಗೆಲ್ಲ ಹೋಗುವ ಪೈಕಿ ಅವಳಲ್ಲ. ಆದರೆ ಆ ವರ್ಷ ಶಾಂತಿಗ್ರಾಮದ ಕಡೆಯಿಂದಲೂ ಜನ ಬಂದರು.

ಕೆಲಸದ ಜೊತೆಗೆ ಆ ಕಥೆಯೂ ಹರಡಿತು. ಸರ ತಂದವರು, "ಒಂದ್ಸಲ ಕಟ್ಟಾಯದೋರ ಹವಳ ಕೆಡಿಸಿದ್ರಂತೆ?" ಎಂದು ತಮಾಷೆಗೋ ಅನುಮಾನಕ್ಕೋ ಕೇಳುತ್ತಿದ್ದರು. ಅತ್ತೆ ದಾರದಿಂದ ಕಣ್ಣೆತ್ತದೆ, "ಹೂಂ, ಕೆಡಿಸಿದೆ" ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತು ಮೇಣ ಎಳೆಯುತ್ತಿದ್ದ ನಾನು ಸುಮ್ಮನಿರುತ್ತಿದ್ದೆ. ಮೊದಲು ಹೆದರಿಕೆಗೆ, ಆಮೇಲೆ ಅಭ್ಯಾಸಕ್ಕೆ, ಕೊನೆಕೊನೆಗೆ ನಾಚಿಕೆಗೆ. ಎಷ್ಟೋ ಸಲ ಹೇಳಿಬಿಡುತ್ತೇನೆಂದು ಬಾಯಿ ತೆರೆದಾಗ ಅವಳೇ, "ಗಂಟು ಬಿಗಿ ಮಾಡೇ" ಎಂದು ಗದರಿ ಮುಚ್ಚಿಸುತ್ತಿದ್ದಳು. ಹಾಗೇ ವರ್ಷಗಳು ಕಳೆದವು. ಎರಡು ಸಾವಿರದ ಇಸವಿ ದಾಟಿ ಎಷ್ಟೋ ವರ್ಷಕ್ಕೆ, ಒಂದು ಮಾಗಿಯಲ್ಲಿ, ನಾಲ್ಕು ದಿನದ ಜ್ವರದಲ್ಲಿ ಅತ್ತೆ ಹೋಗಿಬಿಟ್ಟಳು. ಆ ಮನೆಯೂ ಈಗಿಲ್ಲ. ಬೇರೆಯವರ ಪಾಲಾಗಿ, ಕಿಟಕಿಯ ಬೆಳಕು ಬೀಳುತ್ತಿದ್ದ ಜಾಗದಲ್ಲಿ ಮಹಡಿಯ ಮೆಟ್ಟಿಲು ಬಂದಿದೆ.

ಅತ್ತೆಯ ಹದಿಮೂರನೇ ದಿನದ ಊಟಕ್ಕೆ ನಿಂಗಮ್ಮ ಬಂದಿದ್ದರು. ಕಣ್ಣು ಮಂಜಾಗಿತ್ತು, ಯಾರದೋ ಕೈ ಹಿಡಿದುಕೊಂಡು ಜಗುಲಿ ಹತ್ತಿದರು. ಅಲ್ಲಿ ಕೂತ ಹೆಂಗಸರು ಅತ್ತೆಯ ಕೈಚಳಕವನ್ನು ಹೊಗಳುತ್ತಿದ್ದರು. ಅದರಲ್ಲೊಬ್ಬರು, "ಇಡೀ ಜನ್ಮದಲ್ಲಿ ಅವರ ಕೈ ತಪ್ಪಿದ್ದು ಅದೊಂದೇ ಸಲ, ಆ ಹವಳದ್ದು" ಎಂದರು. ನನಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ನಿಂಗಮ್ಮನವರಿಗೆ, "ದೊಡ್ಡವ್ವ, ಅದು ಅತ್ತೆ ಅಲ್ಲ. ಹವಳನ ಹುಳಿಗೆ ಹಾಕಿದ್ದು ನಾನು" ಎಂದೆ.

ನಿಂಗಮ್ಮ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಅವತ್ತೇ ಗೊತ್ತಿತ್ತು ಕಣವ್ವ. ಆ ಕೈ ಹುಳಿಗೆ ಹವಳ ಆಕೋ ಕೈಯಾ? ನೀನ್ ತಲೆ ತಗ್ಗುಸ್ಕೊಂಡ್ ಕೂತಿದ್ದೆಯಲ್ಲ. ನಮ್ಮನೇಲಿ ಎಲ್ಲಾರ್ಗೂ ಗೊತ್ತಿತ್ತು, ಸರ ಪೋಣ್ಸೋದ ನೋಡ್ದ ಮ್ಯಾಲೆ ನಮ್ಮ ನಾದಿನಿಗೂವೆ. ಆಯಮ್ಮ ತಾನೇ ಮಾಡ್ದೆ ಅಂತ ತಲೆಮ್ಯಾಲ್ ಒತ್ಕೊಂಡು ನಿಂತವ್ರೆ, ಅದ ಇಳ್ಸಕೆ ನಾವ್ಯಾರು ಅಂತ ಸುಮ್ಕಿದ್ವಿ."

ಒಳಗೆ ಎಲೆ ಹಾಕುತ್ತಿದ್ದ ಅಮ್ಮ ನನ್ನ ಅಳು ಕೇಳಿ ಓಡಿ ಬಂದು, ಸಾವಿನ ಸಂಕಟವೆಂದುಕೊಂಡು ಬೆನ್ನು ಸವರಿದಳು. ಸಂಕಟವೂ ಇತ್ತು. ಅದಕ್ಕಿಂತ ಹೆಚ್ಚಾಗಿ, ಅಂಥವಳ ಮಗ್ಗುಲಲ್ಲಿ ಕೂತು ಬೆಳೆದೆನೆಂಬ ಹೆಮ್ಮೆಯನ್ನು ತಡೆದುಕೊಳ್ಳಲಾಗದೆ ಅಳುತ್ತಿದ್ದೆ.