ಓಂಕಾರಪ್ಪ ಮೇಷ್ಟ್ರ ‘ಎಕ್ಸ್‌ಪ್ಲೇನ್’

ಕಾಗದನಗರದಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುವ ನಮ್ಮ ಓಂಕಾರಪ್ಪ ಮೇಷ್ಟ್ರಿಗೆ ‘ಎಕ್ಸ್‌ಪ್ಲೇನ್ ಮಾಡಿ ಸಾರ್’ ಎಂದವರು ಆ ದಿನದ ಬೇರೆ ಕೆಲಸ ಮರೆಯಬೇಕು. “ಆ ಪದ ಹುಟ್ಟಿದ್ದು ಹೆಂಗೆ ಗೊತ್ತೇನೋ ಮಾರಾಯ? ಲ್ಯಾಟಿನ್‌ನಲ್ಲಿ ಪ್ಲಾನುಸ್ ಅಂದ್ರೆ ಸಮತಟ್ಟು. ಎಕ್ಸ್‌ಪ್ಲೇನ್ ಅಂದ್ರೆ ಏರುತಗ್ಗು ತೆಗೆದು ನೆಲ ಮಟ್ಟ ಮಾಡೋದು!” ಎಂದು ಶುರುಮಾಡಿದರೆ, ಬೋರ್ಡು ತುಂಬಿ ಗೋಡೆಗೂ ಸೀಮೆಸುಣ್ಣ ಹತ್ತುತ್ತದೆ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡದಲ್ಲೇ ಇದನ್ನು ವಿವರಿಸಿದ್ದಾರೆ. ಶಿವಮೊಗ್ಗದ ಸಿಟಿ ಬಸ್ಸಿನಲ್ಲಿ ಕಂಡಕ್ಟರನಿಗೆ ವಿವರಿಸುತ್ತ ತಮ್ಮ ಸ್ಟಾಪು ದಾಟಿ ಆಲ್ಕೊಳ ಸರ್ಕಲ್ ಮುಟ್ಟಿದ್ದಾರೆ. ಕಳೆದ ತಿಂಗಳು ಪಕ್ಕದ ಮನೆಯ ಕೃಷ್ಣಪ್ಪನ ದೃಷ್ಟಿ ಮಂಜಾದಾಗ, ಅವನ ಹೆಂಡತಿ ಈಶ್ವರಮ್ಮನಿಗೆ ಜೊತೆಯಾಗಿ ಮೇಷ್ಟ್ರೂ ಶಿವಮೊಗ್ಗದ ಆಸ್ಪತ್ರೆಗೆ ಹೋದರು. ಕೃಷ್ಣಪ್ಪನನ್ನು ಪರೀಕ್ಷಿಸಿದ ಡಾಕ್ಟರು ಹೊರಗೆ ಬಂದು, ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ ಮತ್ತೆ ಒಳಗೆ ನಡೆದರು. “ಏನಂದ್ರು ಮೇಷ್ಟ್ರೇ?” ಎಂದಳು ಈಶ್ವರಮ್ಮ. ಮೇಷ್ಟ್ರು ಬೆಂಚಿನ ಮೇಲೆ ಅವಳ ಪಕ್ಕ ಕೂತರು. “ಕೃಷ್ಣಪ್ಪಂಗೆ ಇನ್ಮೇಲೆ ಕಣ್ಣು ಕಾಣಲ್ಲಮ್ಮ. ಜೀವಕ್ಕೇನೂ ಭಯ ಇಲ್ಲ.” ಅವಳು ಮತ್ತೆ ಕೇಳಿದಳು; ಅದೇ ಮಾತನ್ನು ಅಷ್ಟೇ ಮೆಲ್ಲಗೆ ಮತ್ತೆ ಹೇಳಿದರು. ಮೂರನೆಯ ಸಲವೂ ಹೇಳಿದರು. ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಅವರಿಗೆ ನಾನೇ ಹೇಳ್ತೀನಿ. ನೀವು ಹೇಳ್ದಂಗೇ ಹೇಳ್ತೀನಿ” ಎಂದು ಎದ್ದಳು.