ತಾಳೆ ನೋಡಿದವರು ಗಫೂರ್ ಚಾಚಾ

ಅದು 1988ರ ಚಳಿಗಾಲ. ನನಗಾಗ ಇಪ್ಪತ್ತೆರಡು. ಬಸವಕಲ್ಯಾಣದಲ್ಲಿ ಟೈಪಿಂಗ್ ಮುಗಿಸಿ, ಹೈದರಾಬಾದಿನ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ಮೂರು ತಿಂಗಳು ಕಂಪ್ಯೂಟರ್ ಕಲಿತು ಬಂದಿದ್ದೆ. ನಮ್ಮ ಓಣಿಯಲ್ಲಿ ಕಂಪ್ಯೂಟರ್ ಮುಟ್ಟಿದವಳು ನಾನೊಬ್ಬಳೇ. ಆ ಜಂಬ ನನ್ನ ನಡಿಗೆಯಲ್ಲೇ ಗೊತ್ತಾಗುತ್ತಿತ್ತು ಎಂದು ಅವ್ವ ಆಮೇಲೆ ಎಷ್ಟೋ ಸಲ ಹೇಳಿ ನಕ್ಕಿದ್ದಾಳೆ.

ಜಂಬಕ್ಕೆ ತಕ್ಕ ಕೆಲಸವೂ ಸಿಕ್ಕಿತು. ಒಂದು ಧರ್ಮಸಂಸ್ಥೆಯವರು ಹುಮನಾಬಾದಿನ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ಮಾಡಿದ್ದರು. ಪೊರೆ ತೆಗೆಸಿಕೊಂಡವರನ್ನು ತಿಂಗಳು ಕಳೆದ ಮೇಲೆ ಕನ್ನಡಕದ ಅಳತೆಗೆ ಮತ್ತೆ ಕರೆಸಿದ್ದರು. ಡಾಕ್ಟರು ಅಳತೆ ಕೂಗಿ ಹೇಳುವುದು, ನಾನು ಅದನ್ನು ಕಂಪ್ಯೂಟರಿಗೆ ಹಾಕುವುದು. ಸಂಸ್ಥೆಯ ಕಾರ್ಯದರ್ಶಿ ಪಾಟೀಲರಿಗೆ ಆ ಯಂತ್ರದ ಮೇಲೆ ನನಗಿಂತ ಹೆಚ್ಚು ಅಭಿಮಾನ. "ಈ ಸಲ ರಿಜಿಸ್ಟರ್ ಗಿಜಿಸ್ಟರ್ ಏನೂ ಬ್ಯಾಡ. ಎಲ್ಲಾ ಇದರಾಗೇ ಇರ್ತದ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹಾಗಾಗಿ ಮುದುಕರ ಕೈಗೆ ಹೆಸರು, ನಂಬರು ಬರೆದ ಒಂದು ಚೀಟಿ ಮಾತ್ರ. ಕಣ್ಣಿನ ಅಳತೆಯೆಲ್ಲ ಇದ್ದದ್ದು ಫ್ಲಾಪಿಯಲ್ಲಿ.

ಫ್ಲಾಪಿ ನೋಡದವರಿಗೆ ಹೇಳುತ್ತೇನೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ, ತೆಳ್ಳಗಿನ, ಚೌಕಾದ ಕಪ್ಪು ಹಾಳೆಯಂಥ ವಸ್ತು. ಅದನ್ನು ಯಂತ್ರದ ಬಾಯಿಗೆ ತೂರಿಸಿದರೆ ಬರೆದದ್ದೆಲ್ಲ ಅದರೊಳಗೆ ಕೂರುತ್ತಿತ್ತು. ನಮ್ಮ ಯಂತ್ರಕ್ಕೆ ಒಂದೇ ಬಾಯಿ, ಪಟ್ಟಿ ಬರೆಯಲು ನಮ್ಮಲ್ಲಿದ್ದದ್ದು ಎರಡೇ ಫ್ಲಾಪಿ. ಒಂದರಲ್ಲಿ ದಿನವಿಡೀ ಬರೆದು, ಸಂಜೆ ಅದರ ನಕಲನ್ನು ಇನ್ನೊಂದಕ್ಕೆ ಇಳಿಸಬೇಕು. ನಕಲು ಜೀಪಿನಲ್ಲಿ ಹೈದರಾಬಾದಿಗೆ, ಕನ್ನಡಕ ಮಾಡುವವರ ಹತ್ತಿರ ಹೋಗುತ್ತದೆ. ಅಸಲನ್ನು ಪೂರ್ತಿ ಅಳಿಸಿ, ಮರುದಿನ ಬಸವಕಲ್ಯಾಣದ ಶಿಬಿರಕ್ಕೆ ಖಾಲಿ ಇಟ್ಟುಕೊಳ್ಳಬೇಕು.

ಬೆಳಿಗ್ಗೆ ಬಂದವರು ಅಳತೆ ಕೊಟ್ಟು ಊಟದ ಹೊತ್ತಿಗೆ ಊರಿಗೆ ಹೊರಟುಹೋದರು. ಊಟಕ್ಕೆ ಏಳುವ ಮೊದಲು ನಾನು ಅಲ್ಲಿಯವರೆಗಿನ ಪಟ್ಟಿಯನ್ನು ಎರಡನೆಯ ಫ್ಲಾಪಿಗೆ ಇಳಿಸಿಟ್ಟೆ. ಅದರ ಮೇಲೆಯೇ ಸಂಜೆ ಪೂರ್ತಿ ಪಟ್ಟಿ ಇಳಿಸಿದರಾಯಿತು ಎಂದುಕೊಂಡಿದ್ದೆ.

ಮಧ್ಯಾಹ್ನದ ಗುಂಪಿನಲ್ಲಿ ಕೊಹಿನೂರು ಎಂಬ ಹಳ್ಳಿಯ ಗುಂಡಮ್ಮಜ್ಜಿ ಇದ್ದಳು. ಅಳತೆ ಮುಗಿದರೂ ನನ್ನ ಮೇಜು ಬಿಟ್ಟು ಕದಲಲಿಲ್ಲ. "ಯವ್ವಾ, ನಂದು ಸರಿ ಬರಕೊಂಡಿ ಹೌದಿಲ್ಲೋ? ಚಷ್ಮಾ ಬಂತಂದ್ರ ಬ್ಯಾಳ್ಯಾಗಿನ ಹಳ್ಳು ನಾನೇ ಆರಿಸ್ತೀನಿ. ಸೊಸಿ ಕಡಿಂದ ಅನಿಸ್ಕೊಂಡು ಸಾಕಾಗೇದ" ಎಂದಳು. "ಯಂತ್ರದಾಗ ಹಾಕೀನಿ ಅಜ್ಜಿ, ಎಲ್ಲಿಗೂ ಹೋಗಂಗಿಲ್ಲ" ಎಂದು ನಾನು ದೊಡ್ಡಸ್ತಿಕೆಯಿಂದ ಹೇಳಿ ಕಳಿಸಿದೆ.

ಎಲ್ಲರಿಗಿಂತ ಕೊನೆಗೆ ಅಳತೆ ಕೊಟ್ಟವರು ಗಫೂರ್ ಚಾಚಾ. ಬಿಳಿ ಗಡ್ಡ, ತಲೆಯ ಮೇಲೆ ಟೋಪಿ, ಒಂದು ಕಣ್ಣಿನ ಮೇಲೆ ಹಸಿರು ಬಟ್ಟೆಯ ಮರೆ. ಕರೆದುಕೊಂಡು ಹೋಗಲು ಅಳಿಯ ಬರಬೇಕಿತ್ತು. ಅಲ್ಲಿಯವರೆಗೆ ನನ್ನ ಮೇಜಿನ ಪಕ್ಕದ ಬೆಂಚಿನ ಮೇಲೆ ಕೂತರು. ಅಂಗಳದಲ್ಲಿ ಗುಂಡಮ್ಮ ಮತ್ತು ಮಧ್ಯಾಹ್ನದ ಉಳಿದವರು ಬಸ್ಸಿನ ಹೊತ್ತಾಗಲೆಂದು ಚಹಾ ಕುಡಿಯುತ್ತ ಕೂತಿದ್ದರು.

ನಾನು ನಕಲು ಇಳಿಸತೊಡಗಿದೆ. ಅಸಲು ಹಾಕು, ತೆಗೆ, ನಕಲಿನದು ಹಾಕು ಎಂದು ಯಂತ್ರ ಒಂದೊಂದಾಗಿ ಕೇಳುತ್ತದೆ. ಅಷ್ಟರಲ್ಲಿ ಜೀಪಿನ ಡ್ರೈವರ್ ಬಂದು ಬಾಗಿಲಲ್ಲಿ ನಿಂತು ಹೊತ್ತಾಯಿತು ಎಂದು ವಟಗುಟ್ಟತೊಡಗಿದ. ನಾನೂ ಸುಮ್ಮನಿರುವವಳಲ್ಲ, ಅವನೊಂದಿಗೆ ವಾದಕ್ಕೆ ನಿಂತೆ. ಬಾಯಿ ಅವನ ಕಡೆ, ಕೈ ಯಂತ್ರದ ಕಡೆ. ನಕಲು ಮುಗಿಯಿತು. ಎರಡೂ ಒಂದೇ ಇವೆಯೇ ಎಂದು ಹೊಂದಿಸಿ ನೋಡುವ ಆಜ್ಞೆ ಕೊಟ್ಟೆ. ಮತ್ತೆ ಹಾಕು, ತೆಗೆ. ಎರಡೂ ಸರಿಯಾಗಿವೆ ಎಂದು ಪರದೆಯ ಮೇಲೆ ಬಂತು. ಮೇಜಿನ ಮೇಲೆ ಕರವಸ್ತ್ರದ ಕೆಳಗಿದ್ದ ಅಸಲು ಫ್ಲಾಪಿಯನ್ನು ತೆಗೆದು ಒಳಗೆ ಹಾಕಿ, ಅಳಿಸುವ ಆಜ್ಞೆ ಬರೆದೆ. ಇನ್ನೊಂದು ಗುಂಡಿ ಒತ್ತುವುದಷ್ಟೇ ಬಾಕಿ.

"ಬೇಟಿ, ಏನ್ ಮಾಡಾಕತ್ತಿ?" ಎಂದರು ಚಾಚಾ.

"ಅಸಲ್ ಅಳಸಾಕತ್ತೀನಿ ಚಾಚಾ. ನಕಲ್ ಆಗೇದ."

"ತಾಳೆ ಯಾರು ನೋಡಿದ್ರು?"

"ಯಂತ್ರನೇ ನೋಡ್ತದ್ರಿ."

"ಬರೆದದ್ದು ಯಾರು?"

"ಅದೂ ಯಂತ್ರನೇ."

ಚಾಚಾ ಮೆಲ್ಲಗೆ ನಕ್ಕರು. "ನಾ ಕಲ್ಯಾಣದ ತಹಸೀಲ ಕಚೇರ್ಯಾಗ ನಕಲು ಬರಿಯಾಂವ ಇದ್ದೆ ಬೇಟಿ. ಪಹಣಿ, ಫೈಸಲಾ, ಎಲ್ಲಾದರದೂ ನಕಲು. ನಕಲಿನ ಕೆಳಗ ಎರಡು ದಸ್ತಖತ್ ಇರಬೇಕು. ಬರೆದಾಂವಂದು ಒಂದು, ತಾಳೆ ನೋಡಿದಾಂವಂದು ಒಂದು. ಇಬ್ಬರೂ ಒಬ್ಬನೇ ಆದ್ರ ಸಾಹೇಬರು ಕಾಗದ ಹೊಳ್ಳಿ ಒಗಿತಿದ್ರು. ಬರೆದಾಂವಗ ತಾ ಬರೆದದ್ದು ಎಲ್ಲಾ ಸರೀನೇ ಕಾಣ್ತದ."

ನನಗೆ ಸಿಟ್ಟು ಬಂತು. ಡ್ರೈವರ್ ಹೊರಗೆ ಹೋಗಿ ಜೀಪಿನ ಹಾರನ್ ಬಾರಿಸುತ್ತಿದ್ದಾನೆ, ಕಣ್ಣೇ ಸರಿಯಾಗಿ ಕಾಣದ ಮುದುಕರು ನನಗೆ ಕಂಪ್ಯೂಟರ್ ಕಲಿಸುತ್ತಿದ್ದಾರೆ. "ಹಂಗಾರ ನೀವೇ ನೋಡ್ರಿ ಚಾಚಾ" ಎಂದುಬಿಟ್ಟೆ. ಹಾಗೆ ಅಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ನನಗೆಲ್ಲಿ ಕಾಣ್ತದ? ನೀ ಓದು, ನಾ ಕೇಳ್ತೀನಿ. ಕೆಳಗಿಂದ ಓದು. ಮ್ಯಾಲಿಂದ ಓದಿದ್ರ ನಾಲಿಗಿ ರೂಢಿ ಮ್ಯಾಲ ಓಡ್ತದ. ಎಲ್ಲಾಕ್ಕಿಂತ ಕೆಳಗ ನನ್ನ ಹೆಸರು ಇರಬೇಕು ನೋಡು. ಡಾಕ್ಟರ್ ಸಾಹೇಬರು ನನ್ನ ಹಿಂದ ಯಾರನ್ನೂ ಕರೀಲಿಲ್ಲ."

ಇವರ ಬಾಯಿ ಮುಚ್ಚಿಸಬೇಕೆಂದೇ ಅಸಲನ್ನು ಹೊರತೆಗೆದು ನಕಲನ್ನು ಹಾಕಿದೆ. ಪಟ್ಟಿಯ ತುದಿಗೆ ಹೋದೆ. ಅಲ್ಲಿದ್ದ ಹೆಸರು ಕಾಶೀಬಾಯಿ, ಊರು ನಿರ್ಣಾ. ಕಾಶೀಬಾಯಿ ಊಟಕ್ಕೆ ಮೊದಲೇ ಅಳತೆ ಕೊಟ್ಟು ಹೋದವಳು. ಅವಳ ಕೆಳಗೆ ಯಾರೂ ಇರಲಿಲ್ಲ. ಚಾಚಾ ಇರಲಿಲ್ಲ, ಗುಂಡಮ್ಮ ಇರಲಿಲ್ಲ, ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ಒಬ್ಬರೂ ಇರಲಿಲ್ಲ.

ನಾನು ಮಾಡಿದ್ದೇನು ಎಂದು ತಿಳಿಯಲು ಕ್ಷಣ ಹಿಡಿಯಿತು. ಡ್ರೈವರನ ಜೊತೆ ವಾದಿಸುತ್ತ ಊಟಕ್ಕೆ ಮೊದಲು ಇಳಿಸಿದ್ದ ಹಳೆಯ ನಕಲನ್ನೇ ತೆಗೆದು ಮತ್ತೆ ಅದನ್ನೇ ತೂರಿಸಿದ್ದೆ. ಇಳಿಸುವಾಗಲೂ ಅದೇ, ಹೊಂದಿಸಿ ನೋಡುವಾಗಲೂ ಅದೇ. ಅಸಲು ಅಷ್ಟೂ ಹೊತ್ತು ಕರವಸ್ತ್ರದ ಕೆಳಗೇ ಇತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದರ ಎದುರಿಗೆ ಒಂದನ್ನೇ ಎರಡು ಸಲ ಹಿಡಿದರೆ ಎರಡೂ ಒಂದೇ ಎನ್ನದೆ ಇನ್ನೇನು ಹೇಳೀತು. ಆ ಗುಂಡಿ ಒತ್ತಿದ್ದರೆ ಇಷ್ಟು ಜನರ ಕಣ್ಣಿನ ಅಳತೆ ಅಲ್ಲಿಗೇ ಅಳಿಸಿಹೋಗುತ್ತಿತ್ತು. ಹೈದರಾಬಾದಿನಿಂದ ಕನ್ನಡಕ ಬಂದ ದಿನ ಗುಂಡಮ್ಮನ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ.

ನನ್ನ ಕಣ್ಣಲ್ಲಿ ನೀರು ಬಂತು. ಚಾಚಾ ಅದನ್ನು ನೋಡಲಾರರು, ಆದರೆ ನನ್ನ ಉಸಿರು ಕೇಳಿ ತಿಳಿದುಕೊಂಡರು.

"ಅಳಬ್ಯಾಡ. ಅಸಲ್ ಅದ ಅಲ್ಲ, ಮತ್ತ್ಯಾಕ ಅಳ್ತಿ? ಇಲ್ಲಿ ಕೊಡು ಎರಡೂ."

ಅಸಲನ್ನು ಎಡಗೈಯಲ್ಲಿ, ನಕಲನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂತರು. ಕಚೇರಿಯಲ್ಲಿ ಹಾಗೇ ಹಿಡಿಯುತ್ತಿದ್ದರಂತೆ. ಯಂತ್ರ ಕೇಳಿದಂತೆ ನಾನು ಹೇಳಬೇಕು, ಅವರು ಕೊಡಬೇಕು. "ಅಸಲ್ ತಗೋ" ಎಂದು ಕೊಡುತ್ತಿದ್ದರು. ನಾನು ಅದನ್ನು ವಾಪಸು ಅವರ ಎಡಗೈಗೆ ಇಡುವವರೆಗೆ ಬಲಗೈ ಬಿಚ್ಚುತ್ತಿರಲಿಲ್ಲ. ನಾನು ಅವಸರದಿಂದ ಒಮ್ಮೆ ಎಳೆದೆ. "ಮೊದಲು ಅದನ್ನ ಕೊಡು" ಎಂದು ಗದರಿದರು. ನಕಲು ಇಳಿಸಿದ್ದೂ ಹಾಗೆಯೇ, ಹೊಂದಿಸಿ ನೋಡಿದ್ದೂ ಹಾಗೆಯೇ. ಆಮೇಲೆ ನಕಲನ್ನು ತೆರೆದು ಕೆಳಗಿನಿಂದ ಓದಿದೆ. "ಅಬ್ದುಲ್ ಗಫೂರ್, ಹುಮನಾಬಾದ್" ಎಂದಾಗ ಚಾಚಾ ಕಚೇರಿಯ ಗತ್ತಿನಲ್ಲಿ "ಹಾಜರ್" ಎಂದರು.

"ನಿಲ್ಲಬ್ಯಾಡ. ಗಟ್ಟಿ ಓದು, ಅಂಗಳಕ್ಕ ಕೇಳ್ಲಿ" ಎಂದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂಗತೊಡಗಿದೆ. ಒಬ್ಬೊಬ್ಬರಾಗಿ ಚೀಟಿ ಎತ್ತಿ ಓಗೊಟ್ಟರು. ಗುಂಡಮ್ಮ "ಇಲ್ಲೇ ಅದೀನಿ ಯವ್ವಾ, ಎಲ್ಲಿಗಿ ಹೋಗ್ಲಿ?" ಎಂದಾಗ ಎಲ್ಲರೂ ನಕ್ಕರು. ನನಗೆ ಮಾತ್ರ ಆ ದನಿ ಕೇಳಿ ಜೀವ ಬಂದ ಹಾಗಾಯಿತು.

ಗದ್ದಲ ಕೇಳಿ ಪಾಟೀಲರು ಓಡಿಬಂದರು. "ಏನಿದು? ಜೀಪು ನಿಂತದ ಅಲ್ಲಿ." ನಾನು ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆದೆ. ಚಾಚಾ ನಡುವೆಯೇ "ತಾಳೆ ನೋಡಾಕತ್ತೀವ್ರಿ. ನಮ್ಮ ಕಚೇರಿ ರಿವಾಜು ಅದ. ನಾನೇ ಹಟ ಹಿಡದೀನಿ" ಎಂದರು. ಪಾಟೀಲರು ಗೊಣಗುತ್ತ ಹೋದರು. ನಾನು ಕೆಲಸಕ್ಕೆ ಸೇರಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಆ ಮಾತಿನಿಂದ ನನ್ನ ಕೆಲಸವೂ ಉಳಿಯಿತು.

ಫ್ಲಾಪಿಯ ಮೇಲಿನ ಚೀಟಿಯಲ್ಲಿ ನಾನು ಸ್ಕೆಚ್ ಪೆನ್ನಿನಿಂದ "ಬರೆದವರು: ಸುಮಂಗಲಾ" ಎಂದು ಬರೆದೆ. ಅದರ ಕೆಳಗೆ "ತಾಳೆ ನೋಡಿದವರು" ಎಂದು ಬರೆದು, ಅವರ ಬೆರಳನ್ನು ಆ ಜಾಗಕ್ಕೆ ಹಿಡಿದಿಟ್ಟೆ. ಉರ್ದುವಿನಲ್ಲಿ ಸಹಿ ಮಾಡಿದರು. ಅಕ್ಷರಗಳು ಗೆರೆ ಬಿಟ್ಟು ಸೊಟ್ಟಗೆ ಮೇಲಕ್ಕೇರಿದವು.

ಕನ್ನಡಕ ಬಂದದ್ದು ಬೇಸಿಗೆಯ ಹೊತ್ತಿಗೆ. ಪೆಟ್ಟಿಗೆಯ ಜೊತೆ ಆ ಫ್ಲಾಪಿಯೂ ವಾಪಸು ಬಂತು. ಗುಂಡಮ್ಮ ಕನ್ನಡಕ ಏರಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಸಣ್ಣಾಕಿ ಅದೀಯಾ? ದನಿ ಕೇಳಿ ದೊಡ್ಡ ಆಫೀಸರ್ ಅನಕೊಂಡಿದ್ದೆ" ಎಂದಳು. ಕೊನೆಗೆ ಚಾಚಾ ಬಂದರು. ದಪ್ಪ ಗಾಜಿನ ಹಿಂದೆ ಅವರ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ನಾನು ಫ್ಲಾಪಿ ತೋರಿಸಿದೆ. ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಈ ದಸ್ತಖತ್ ನಂದಲ್ಲ ಬೇಟಿ. ಅಸಲಿಗೆ ತಾಳೆ ಆಗಾಕತ್ತಿಲ್ಲ" ಎಂದರು ಗಂಭೀರವಾಗಿ. ಪೆನ್ನು ಕೇಳಿ, ಅದರ ಪಕ್ಕದಲ್ಲೇ ಇನ್ನೊಂದು ಸಹಿ ಮಾಡಿದರು. ಗೆರೆಯ ಮೇಲೆ ನೇರ, ಮುತ್ತಿನಂಥ ಅಕ್ಷರ. "ಈಗ ಅಳಸು" ಎಂದರು.

ನಾನು ಅಳಿಸಲಿಲ್ಲ. ಹೊಸದೊಂದು ತಂದುಕೊಟ್ಟು ಅದನ್ನು ಪಾಟೀಲರಿಂದ ಕೇಳಿ ಇಸಿದುಕೊಂಡೆ. ಅಂಥ ಫ್ಲಾಪಿ ಹಿಡಿಯುವ ಯಂತ್ರ ಈಗ ನನಗೆ ಗೊತ್ತಿದ್ದವರ ಬಳಿ ಎಲ್ಲೂ ಇಲ್ಲ, ಅದರೊಳಗಿನ ಪಟ್ಟಿ ಉಳಿದಿದೆಯೋ ಇಲ್ಲವೋ ಕಾಣೆ. ಈಗಲೂ ಯಾವುದನ್ನಾದರೂ ಅಳಿಸುವ ಮೊದಲು ನನ್ನ ಎಡಗೈ ತಾನಾಗಿ ಬಿಗಿಯಾಗುತ್ತದೆ. ಯಾರಾದರೂ "ಮೊದಲು ಅದನ್ನ ಕೊಡು" ಎಂದು ಗದರಲಿ ಎನ್ನಿಸುತ್ತದೆ. ಗದರುವವರಿಲ್ಲ. ಆಗ ಬೀರು ತೆರೆದು, ಒಂದರ ಪಕ್ಕ ಒಂದಿರುವ ಆ ಎರಡು ಸಹಿಗಳನ್ನು ಒಮ್ಮೆ ನೋಡಿ ಬಂದು, ಎದುರಿಗಿರುವ ನಕಲನ್ನು ಕೆಳಗಿನಿಂದ ಓದತೊಡಗುತ್ತೇನೆ.